ನಾನೂರ ಹನ್ನೆರಡು ನಿಮಿಷ

ತುಂಗಭದ್ರೆಯ ದಂಡೆಯ ಮೇಲೊಂದು ಆಶ್ರಮ. ಆ ಆಶ್ರಮಕ್ಕೊಂದು ಕಾಮರ್ಸ್ ಕಾಲೇಜು. ಅಲ್ಲಿ ಬಿ.ಕಾಂ. ಮೂರನೇ ವರ್ಷದವರಿಗೆ ಡೇಟಾ ಅನಾಲಿಟಿಕ್ಸ್ ಹೇಳಿಕೊಡುತ್ತಿದ್ದವರು ಚಿದಾನಂದಯ್ಯ ಗುರುಗಳು. ಅರವತ್ತೆಂಟು ವರ್ಷ, ಬಿಳಿ ಪಂಚೆ, ತೊಡೆಯ ಮೇಲೆ ಲ್ಯಾಪ್‌ಟಾಪು. ಹೊಂಗೆ ಮರದ ಕೆಳಗೆ ಅವರ ಪಾಠ.

ಅವರದೊಂದು ಪದ್ಧತಿ ಇತ್ತು. ಯಾರೋ ಕೂಡಿಟ್ಟ ಅಂಕಿಅಂಶ ಅವರಿಗೆ ಆಗುತ್ತಿರಲಿಲ್ಲ. ಶಿಷ್ಯರು ತಾವೇ ಒಂದು ಕಡೆ ನಲವತ್ತು ದಿನ ಕೂರಬೇಕು, ಕಂಡದ್ದನ್ನು ಲ್ಯಾಪ್‌ಟಾಪಿನ ಲೆಕ್ಕದ ಹಾಳೆಯಲ್ಲಿ ಬರೆದು ತರಬೇಕು.

ಆ ವರ್ಷ ಅವರ ಕಣ್ಣು ಮಂಜಾಗತೊಡಗಿತ್ತು.

"ಮುಂದಿನ ವರ್ಷ ಪಾಠ ಹೇಳುವಾಗ ನನ್ನ ಪಕ್ಕ ಒಬ್ಬರು ಕೂರಬೇಕು," ಎಂದರು. "ಅವರ ಎಂ.ಕಾಂ. ಓದನ್ನು ಆಶ್ರಮ ನೋಡಿಕೊಳ್ಳುತ್ತೆ. ನಲವತ್ತನೇ ದಿನ ನಿಮ್ಮ ಹಾಳೆ ನೋಡಿ, ಯಾರು ಅಂತ ಹೇಳ್ತೀನಿ."

ಆ ಜಾಗ ವಿಶಾಲಾಕ್ಷಿಗೆ ಬೇಕಿತ್ತು. ಸಿಗದಿದ್ದರೆ ಅವಳ ಓದು ಅಲ್ಲಿಗೆ ಮುಗಿದ ಹಾಗೆಯೇ, ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು. ಹನ್ನೊಂದು ಮಂದಿಯ ತರಗತಿಯಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಹಾಗಂತ ಅವಳೇ ಹೇಳಿಕೊಳ್ಳುತ್ತಿದ್ದಳು, ಅದು ಸುಳ್ಳೇನೂ ಆಗಿರಲಿಲ್ಲ.

ಅವಳು ದೋಣಿಯನ್ನು ಆರಿಸಿಕೊಂಡಳು. ಆಚೆ ದಡದಿಂದ ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂದು ನದಿಯ ಮೆಟ್ಟಿಲ ಮೇಲೆ ಕೂತು ಬರೆಯುವುದು. ಬಿಡುವಾದಾಗ ಹೊಂಗೆ ಮರಕ್ಕೆ ಹೋಗಿ ಗುರುಗಳನ್ನು ಕೇಳಿ ಬರುವುದು.

ಗುತ್ಯಪ್ಪ ಎಂಬುವನು ದಾಸೋಹವನ್ನು ಆರಿಸಿಕೊಂಡ. ಆಶ್ರಮದ ಊಟಕ್ಕೆ ದಿನಾ ಎಷ್ಟು ಜನ ಬರುತ್ತಾರೆ ಎಂದು ಬರೆಯುವುದು. ಗುತ್ಯಪ್ಪ ಎಂದರೆ, ಹಾಳೆಗೆ ಒಂದು ಸಾಲು ಸೇರಿಸಲು ಹೋಗಿ ಮೂರು ಸಾಲು ಅಳಿಸಿ ಹಾಕುವ ಆಸಾಮಿ. ವಿಶಾಲಾಕ್ಷಿ ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಒಂಬತ್ತನೇ ದಿನ ಇಬ್ಬರೂ ಮರದ ಕೆಳಗಿದ್ದರು. ಗುತ್ಯಪ್ಪ ತಲೆ ಕೆರೆದುಕೊಂಡ.

"ಗುರುಗಳೇ, ತಾಳೆ ಆಗ್ತಿಲ್ಲ. ಊಟಕ್ಕೆ ಕೂತೋರು ಮುನ್ನೂರಾರು. ಖರ್ಚಾದ ಎಲೆ ಮುನ್ನೂರ ಮೂವತ್ತು."

"ಮಿಕ್ಕಿದ್ದು ಎಲ್ಲಿಗೆ ಹೋಯ್ತು?"

"ಅದನ್ನೇ ನೋಡಾಣ ಅಂತ ಒಂದಜ್ಜಿ ಹಿಂದೆ ಹೋದೆ. ಅವಳ ಗಂಡ ಹಾಸಿಗೆ ಹಿಡಿದಾನೆ. ಅವನಿಗೆ ಅಂತ ಒಂದೆಲೆ ಊಟ ಕಟ್ಟಿಕೊಂಡು ಹೋಗ್ತಾಳೆ. ಅಂಥೋರು ಇನ್ನೂ ಅದಾರೆ. ಅವರನ್ನ ಬಂದೋರಲ್ಲಿ ಬರೀಲೋ ಬ್ಯಾಡ್ವೋ ತಿಳೀವಲ್ದು."

ಗುರುಗಳು ಲ್ಯಾಪ್‌ಟಾಪು ಮುಚ್ಚಿದರು. ಅವನ ಕಡೆ ತಿರುಗಿ, "ಭೇಷ್," ಎಂದರು.

ವಿಶಾಲಾಕ್ಷಿ ತಲೆ ಎತ್ತಿ ಗುರುಗಳನ್ನು ನೋಡಿದಳು.

ಪಾಠ ಶುರುವಾದಾಗಿನಿಂದ ಆ ಮಾತು ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಸರಿ ಎಂದಿದ್ದರು, ಆಯಿತು ಎಂದಿದ್ದರು, ಮುಂದಿನದು ಮಾಡು ಎಂದಿದ್ದರು. ಭೇಷ್ ಎಂದಿರಲಿಲ್ಲ. ಅದೂ ಯಾರಿಗೆ, ಈ ಗುತ್ಯಪ್ಪನಿಗೆ. ತನಗೇ ತಿಳಿಯುತ್ತಿಲ್ಲ ಎಂದವನಿಗೆ.

ಮಾರನೆಯ ದಿನ ಅವಳು ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದ ಹೊಂಗೆ ಮರ ಚೆನ್ನಾಗಿ ಕಾಣುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಮಾತೂ ಕೇಳುತ್ತಿತ್ತು. ಗುತ್ಯಪ್ಪ ಬಂದು ಗುರುಗಳ ಮುಂದೆ ಕೂತ.

ಅವಳು ಮೊಬೈಲಿನಲ್ಲಿ ಹೊತ್ತು ನೋಡಿದಳು. ಅವನು ಎದ್ದಾಗ ಇನ್ನೊಮ್ಮೆ ನೋಡಿದಳು. ಹದಿನಾಲ್ಕು ನಿಮಿಷ.

ಹೊಸ ಹಾಳೆ ತೆರೆದು ಅದನ್ನು ಬರೆದಳು.

ಗುರುಗಳು ಪಕ್ಷಪಾತ ಮಾಡುತ್ತಿದ್ದಾರೆ ಎಂದು ಬರೀ ಬಾಯಿಮಾತಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಪುರಾವೆ ಬೇಕು. ಪುರಾವೆ ಹೇಗೆ ಕೂಡಿಸಬೇಕೆಂದು ಗುರುಗಳೇ ಕಲಿಸಿದ್ದರು. ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಬಂದ ಹೊತ್ತು, ಹೋದ ಹೊತ್ತು, ಗುರುಗಳು ಎಷ್ಟು ಸಲ ನಕ್ಕರು, ಎಷ್ಟು ಸಲ ತಲೆಯಾಡಿಸಿದರು, ಎಲ್ಲಕ್ಕೂ ಒಂದೊಂದು ಕಾಲಂ. ಮೊದಲ ಒಂಬತ್ತು ದಿನದ್ದನ್ನು ತನ್ನ ದಿನಚರಿಯಿಂದ ಹೆಕ್ಕಿ ಸೇರಿಸಿದಳು. ಯಾರು ಎಷ್ಟು ಹೊತ್ತು ಕೂತರು ಎಂಬುದನ್ನೂ ದಿನಚರಿಯಲ್ಲಿ ಬರೆದಿಡುವ ಹುಡುಗಿ ಅವಳು.

ಮರದ ಹತ್ತಿರ ಹೋಗುವುದನ್ನು ಬಿಟ್ಟಳು. ಕರೆದು ಮಾತಾಡಿಸುವುದಿದ್ದರೆ ಅವರೇ ಕರೆಯಲಿ.

ಅಂಬಿಗರ ಹನುಮಂತಪ್ಪ ಒಂದು ದಿನ ದೋಣಿ ಕಟ್ಟುತ್ತಾ ಕೇಳಿದ. "ಯಾಕವ್ವಾ, ನಮ್ಮ ದೋಣಿ ಮೇಲೆ ಸಿಟ್ಟೇನು? ಎಂಟತ್ತು ದಿನದಿಂದ ಬೆನ್ನು ಹಾಕ್ಕೊಂಡೇ ಕೂತಿರ್ತೀಯಲ್ಲ."

"ಬರೀತಿದೀನಿ ಬಿಡು ಹನುಮಂತಣ್ಣ."

"ಬರಿಯವ್ವ, ಬರಿ. ಇವತ್ತು ಎಷ್ಟು ಜನ ಇಳಿದ್ರು?"

ಅವಳ ಕಣ್ಣು ಹೊಂಗೆ ಮರದ ಮೇಲಿತ್ತು. ಅಲ್ಲಿ ಗುರುಗಳು ಗುತ್ಯಪ್ಪನ ಹೆಗಲು ತಟ್ಟುತ್ತಿದ್ದರು. ಹೆಗಲು ತಟ್ಟಿದ್ದಕ್ಕೆ ಕಾಲಂ ಇರಲಿಲ್ಲ, ಈಗ ಹಾಕಬೇಕಿತ್ತು.

ಇಪ್ಪತ್ತೆರಡನೇ ದಿನ ಗುರುಗಳೇ ಹೇಳಿಕಳಿಸಿದರು. ಅವಳು ಹೋಗಿ ನಿಂತಳು.

"ದೋಣಿ ಹೇಗೆ ನಡೀತಿದೆ ವಿಶಾಲೂ?"

"ನಡೀತಿದೆ ಗುರುಗಳೇ."

"ಕೇಳೋದೇನಾದ್ರೂ ಇದೆಯಾ?"

ಇತ್ತು. ಅವನಲ್ಲಿ ಏನಿದೆ, ನನ್ನಲ್ಲಿ ಏನಿಲ್ಲ ಎಂದು ಕೇಳಬೇಕಿತ್ತು.

"ಏನಿಲ್ಲ ಗುರುಗಳೇ."

ವಾಪಸು ಬಂದು ಬರೆದಳು. ವಿಶಾಲಾಕ್ಷಿ, ಆರು ನಿಮಿಷ.

ನಲವತ್ತನೇ ದಿನ ಬಂತು. ಬೆಳಿಗ್ಗೆ ಒಬ್ಬೊಬ್ಬರೇ ಗುರುಗಳಿಗೆ ಹಾಳೆ ತೋರಿಸಿ ಹೋದರು. ವಿಶಾಲಾಕ್ಷಿ ಎಲ್ಲರೂ ಹೋಗಲೆಂದು ಕಾದಳು. ಆಮೇಲೆ ತನ್ನ ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟಳು.

ತೆರೆಯ ಮೇಲೆ ನಕ್ಷೆಯ ಎರಡು ಕಂಬಗಳಿದ್ದವು. ಒಂದು ಎತ್ತರದ್ದು, ಒಂದು ಗಿಡ್ಡದ್ದು.

"ಇದು ದೋಣಿಯಲ್ಲವಲ್ಲ," ಎಂದರು ಗುರುಗಳು.

"ಅಲ್ಲ ಗುರುಗಳೇ. ಇದು ನೀವು. ಈ ನಲವತ್ತು ದಿನದಲ್ಲಿ ಗುತ್ಯಪ್ಪನ ಜೊತೆ ಕೂತದ್ದು ನಾನೂರ ಹನ್ನೆರಡು ನಿಮಿಷ. ನನ್ನ ಜೊತೆ ನೂರ ಹದಿನಾಲ್ಕು." ಅವಳು ಗಿಡ್ಡ ಕಂಬವನ್ನು ಬೆರಳಿನಿಂದ ತೋರಿಸಿದಳು. "ಜಾಗ ಅವನಿಗೇ ಅಂತ ಮೊದಲೇ ತೀರ್ಮಾನ ಮಾಡಿದ್ರಿ. ಹಾಗಿದ್ರೆ ನಮ್ಮನ್ನೆಲ್ಲ ಯಾಕೆ ಕೂರಿಸಿದ್ರಿ?"

ಗುರುಗಳು ಸಿಟ್ಟಾಗಲಿಲ್ಲ. ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಒಂದು ಸಾಲನ್ನೂ ಬಿಡಲಿಲ್ಲ.

"ಕೆಲಸ ಅಚ್ಚುಕಟ್ಟಾಗಿದೆ," ಎಂದರು. "ಇಷ್ಟು ಚೆನ್ನಾಗಿ ಹಾಳೆ ತುಂಬಿದೋರು ಇಲ್ಲೀತನಕ ಯಾರೂ ಇಲ್ಲ."

"ಹಾಗಾದ್ರೆ ನಿಜ ತಾನೇ?"

"ನಿಜ. ಅವನ ಜೊತೆ ಕೂತು ಮಾತಾಡೋದು ನನಗೆ ಇಷ್ಟ."

ಅವಳು ಇದನ್ನು ಎದುರುನೋಡಿರಲಿಲ್ಲ. ಅಲ್ಲಗಳೆಯುತ್ತಾರೆ, ಆಗ ಅಂಕಿ ತೋರಿಸಿ ಬಾಯಿ ಮುಚ್ಚಿಸಬಹುದು ಎಂದುಕೊಂಡಿದ್ದಳು. ಈಗ ಕಣ್ಣಲ್ಲಿ ನೀರು ಬಂತು, ಅದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

"ಅಷ್ಟು ಹೊತ್ತು ನಾನು ಅವನಿಗೆ ಏನು ಹೇಳಿದೆ?" ಎಂದು ಗುರುಗಳು ಕೇಳಿದರು.

"ಅದನ್ನು ಬರೆದುಕೊಂಡಿಲ್ಲ."

"ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

ಗುರುಗಳು ತಲೆಯಾಡಿಸಿದರು. "ಮೊತ್ತ ಬೇಡ. ದಿನದಿನದ ಲೆಕ್ಕಕ್ಕೆ ಗೆರೆ ಎಳೆದು ತೋರಿಸು."

ಅದು ಎರಡು ಗುಂಡಿ ಒತ್ತುವ ಕೆಲಸ. ಕಂಬಗಳು ಹೋಗಿ ಎರಡು ಗೆರೆಗಳು ಮೂಡಿದವು. ಗುತ್ಯಪ್ಪನದು ಕೆಂಪು, ಅವಳದು ನೀಲಿ.

ನಲವತ್ತು ದಿನದಲ್ಲಿ ಅವಳು ಕೂಡಿಸಿದ್ದಳು, ಭಾಗಿಸಿದ್ದಳು, ಸರಾಸರಿ ತೆಗೆದಿದ್ದಳು. ದಿನದ ಗೆರೆ ಮಾತ್ರ ಎಳೆದು ನೋಡಿರಲಿಲ್ಲ. ಮೊದಲ ಒಂಬತ್ತು ದಿನ ನೀಲಿ ಗೆರೆ ಮೇಲಿತ್ತು. ಕೆಂಪನ್ನು ಎಲ್ಲೋ ಕೆಳಗೆ ಬಿಟ್ಟು ಹೋಗಿತ್ತು.

"ಓದು," ಎಂದರು ಗುರುಗಳು. "ನನ್ನ ಕಣ್ಣು ಮಂಜು."

"ಒಂಬತ್ತು ದಿನದವರೆಗೆ... ನನ್ನದು ನೂರ ಎಂಟು. ಅವನದು ಅರವತ್ತಮೂರು."

"ಹತ್ತನೇ ದಿನ?"

"ನನ್ನದು ಸೊನ್ನೆ."

"ಆಮೇಲೆ?"

"ಸೊನ್ನೆ. ಇಪ್ಪತ್ತೆರಡನೇ ದಿನ ಆರು. ಮತ್ತೆ ಸೊನ್ನೆ."

"ಹತ್ತನೇ ದಿನ ಏನಾಯ್ತು?"

ನದಿಯ ಮೇಲೆ ದೋಣಿ ಬರುತ್ತಿತ್ತು. ಯಾರೋ ಹೆಂಗಸರು ಮಾತಾಡಿಕೊಂಡು ಇಳಿದರು. ವಿಶಾಲಾಕ್ಷಿ ತೆರೆಯನ್ನೇ ನೋಡುತ್ತಿದ್ದಳು.

"ಹತ್ತನೇ ದಿನ ನಾನು ಇದನ್ನು ಬರೆಯೋಕೆ ಶುರುಮಾಡಿದೆ," ಎಂದಳು.

ಗುರುಗಳು ನದಿಯ ಕಡೆ ತಿರುಗಿದರು.

"ದೋಣಿ ಹಾಳೆ ಎಲ್ಲಿ?" ಎಂದು ಕೇಳಿದರು.

ಅವಳು ಅದನ್ನೂ ತೆರೆದಳು. ಒಂಬತ್ತು ಸಾಲು ತುಂಬಿತ್ತು. ಹತ್ತರಿಂದ ಕೆಳಗೆ ಖಾಲಿ. ಸುಳ್ಳು ಅಂಕಿ ತುಂಬಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ, ಅಷ್ಟು ಅವಳ ದೊಡ್ಡಗುಣ.

"ಜಾಗ?" ಎಂದಳು.

"ಗುತ್ಯಪ್ಪನಿಗೆ. ಅವನ ಹಾಳೆಯಲ್ಲಿ ತಪ್ಪುಗಳಿವೆ, ಆದರೆ ನಲವತ್ತು ಸಾಲೂ ಇವೆ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಒಂಬತ್ತನೇ ದಿನದವರೆಗೆ ಆ ಜಾಗ ಯಾರದಾಗಿತ್ತು ಎಂದು ಕೇಳುವ ಧೈರ್ಯ ಬರಲಿಲ್ಲ. ನೀಲಿ ಗೆರೆ ತೆರೆಯ ಮೇಲೆ ಹಾಗೇ ಇತ್ತು.

"ನನಗೆ ಇನ್ನು ಏನೂ ಇಲ್ವಾ ಗುರುಗಳೇ?"

"ಒಂದು ಕೆಲಸ ಬಾಕಿ ಇದೆ. ನಿನ್ನ ಹಾಳೆಯಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ."

ಅವಳು ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡಳು. "ಹೇಳಿ, ಏನು ಬರೀಲಿ?"

"ಗುತ್ಯಪ್ಪನಿಗೆ ನಾನು ಕೊಟ್ಟದ್ದು ನಾನೂರ ಹನ್ನೆರಡು ನಿಮಿಷ," ಎಂದರು ಗುರುಗಳು. "ಆ ಮೆಟ್ಟಿಲ ಮೇಲೆ ಕೂತು ನೀನು ಅವನಿಗೆ ಎಷ್ಟು ಕೊಟ್ಟೆ, ಅದನ್ನ ಬರಿ."