ಮೂರು ಗೆರೆಯ ಸಾಕ್ಷಿ

ಕಾಗಕ್ಕ ಹೋಗಿ ಹುಂಜನ ಕಿವಿಯಲ್ಲಿ ಊದಿದಳು: "ಅಣ್ಣಾ, ನಿನ್ನ ಮರಿಯ ರೆಕ್ಕೆಯ ತುದಿ ನೋಡಿದೆಯಾ? ಮೂರು ಗೆರೆ: ಕಪ್ಪು, ಬಿಳಿ, ಕಪ್ಪು. ಪಕ್ಕದ ಕೇರಿಯ ಹುಂಜನಿಗೂ ಥೇಟ್ ಹಾಗೇ! ಅತ್ತಿಗೆ ಸಾಮಾನ್ಯಳಲ್ಲ ಬಿಡು."

ಹುಂಜ ಕೆಂಡವಾಗಿ ಮರಿಯನ್ನು ಹೊರಗಟ್ಟಲು ನಿಂತ. ಹೇಂಟೆ ಅಡ್ಡ ಬಂದಳು. "ಆ ಮೂರು ಗೆರೆ ಈ ಊರಲ್ಲಿ ಯಾರಿಗಿಲ್ಲ, ನೋಡಿ ಬನ್ನಿ."

ಹುಂಜ ತಿಪ್ಪೆಗಳನ್ನೆಲ್ಲ ಸುತ್ತಿ ಬಂದ. ಕಂಡಕಂಡವರಿಗೆಲ್ಲ ಅದೇ ಗೆರೆ, ಬಾತುಕೋಳಿಗೂ!

"ಮೂರೇ ಗೆರೆಯಾದರೆ ಯಾರಿಗೆ ಬೇಕಾದರೂ ಹೊಂದುತ್ತೆ. ರೆಕ್ಕೆಯ ಬಹುಪಾಲು ಗೆರೆ ಹೊಂದಿದರೆ ಮಾತ್ರ ಒಂದೇ ರಕ್ತ," ಎಂದು ಹೇಂಟೆ ಮರಿಯ ರೆಕ್ಕೆ ಬಿಡಿಸಿ, ಗಂಡನ ರೆಕ್ಕೆಯ ಪಕ್ಕ ಹಿಡಿದಳು. ಒಂದೆರಡು ಬಿಟ್ಟರೆ ಗೆರೆಗೆ ಗೆರೆ ಕೂಡಿತು. ಹುಂಜ ತಲೆ ತಗ್ಗಿಸಿದ.

ಹೇಂಟೆ ಬೇಲಿಯ ಮೇಲೆ ಕೂತಿದ್ದ ಕಾಗೆಯತ್ತ ತಿರುಗಿದಳು: "ಕಾಗಕ್ಕ, ನಿನ್ನ ಮರಿಯದನ್ನೂ ಹೀಗೇ ನೋಡೋಣವೇ? ಮೊನ್ನೆ 'ಕುಹೂ' ಅಂತಿತ್ತು."

"ಬೇಡ ಅತ್ತಿಗೆ, ಪಾಪ, ಅದಕ್ಕೆ ಹಸಿವಾಗಿರುತ್ತೆ," ಎಂದು ಕಾಗಕ್ಕ ಗೂಡಿನತ್ತ ಹಾರಿದಳು.