ಜೇಕಿನಮಡುವಿನಲ್ಲಿ ಮುಸ್ತಾಂಬಿಕೆ ಮುನಿದದ್ದು

ಈ ಗಿರಿಗೆ ಇನ್ನೂ ಯಾರೂ ಹೆಸರಿಡದಿದ್ದ ಪುರಾತನ ಕಾಲದಲ್ಲಿ, ಯಾತ್ರಿಕರು ಇಂದು ಪಾದರಕ್ಷೆ ಕಳಚುವ ಈ ತಪ್ಪಲಿನಲ್ಲಿಯೇ, ಬಂಡೆಯ ಸಂದಿನಿಂದೊಸರುವ ನಿರ್ಮಲಜಲವನ್ನು ಹೀರಿಕೊಂಡು, ಗೇಣುದ್ದದ ಜೇಕುಹುಲ್ಲನ್ನು ಹೊದ್ದ ಜೌಗುಭೂಮಿಯೊಂದಿತ್ತು. ಮುಮ್ಮೂಲೆಯ ಕಡ್ಡಿ, ಕಂದುಬಣ್ಣದ ಪುಟ್ಟ ತೆನೆ. ನೋಡಲು ಅತ್ಯಲ್ಪವಾದರೂ ಆ ತೃಣವೇ ತನ್ನ ಬೇರುಗಳಿಂದ ಬೆಟ್ಟದ ಮಣ್ಣನ್ನು ತಡೆದು ಊರಿಗೆ ತಿಳಿನೀರನ್ನು ಕೊಡುತ್ತಿತ್ತು. ಎಮ್ಮೆ ಮೇಯಿಸಿ ಜೀವಿಸುತ್ತಿದ್ದ ಮಾಕಬ್ಬೆಯೆಂಬ ವಿಧವೆ ಆ ಜೌಗನ್ನೇ ತಾಯಿಯೆಂದು ಪೂಜಿಸುತ್ತಿದ್ದಳು.

ಈ ನಾಡನ್ನಾಳುತ್ತಿದ್ದ ಕೇತರಸನು, ತನ್ನ ರಾಣೀವಾಸದ ಜಲಕ್ರೀಡೆಗಾಗಿ ಅಲ್ಲಿ ಕಲ್ಲುಮೆಟ್ಟಿಲುಗಳ ಕಮಲಸರೋವರವನ್ನು ಕಟ್ಟಿಸಬಯಸಿ, ಜೇಕನ್ನೆಲ್ಲ ಬುಡಸಹಿತ ಕಿತ್ತು ಸುಡುವಂತೆ ಆಜ್ಞಾಪಿಸಿದನು. ಮಾಕಬ್ಬೆ ಗುದ್ದಲಿಗಳಿಗೆ ಅಡ್ಡ ನಿಂತಳು.

"ಅರಸಾ, ಇದನ್ನು ಕಿತ್ತರೆ ನೀರು ನಿಲ್ಲುವುದಿಲ್ಲ. ಊರಿನ ಮಕ್ಕಳು ಏನು ಕುಡಿಯಬೇಕು?"

"ಹುಲ್ಲಿಗಾಗಿ ಅಳುವವಳನ್ನು ಇವತ್ತೇ ಕಂಡೆ" ಎಂದು ನಕ್ಕ ಅರಸನು ಅವಳನ್ನು ಎಳೆದುಹಾಕಿಸಿದನು. ಬೂದಿಯ ನಡುವೆ ಉಳಿದಿದ್ದ ಒಂದು ಹಿಡಿ ಬೇರನ್ನು ಅವಳು ಕೆಸರಿನೊಡನೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಬೆಟ್ಟದ ಮೇಲಣ ಒರತೆಯ ಬದಿಯಲ್ಲಿ ನೆಟ್ಟು ಕಾಪಾಡಿದಳು.

ಸರೋವರ ಸಿದ್ಧವಾಯಿತು, ಮಳೆಗಾಲ ಬಂದಿತು. ತಡೆಯಿಲ್ಲದ ಮಣ್ಣು ಕುಸಿದು ಸರೋವರ ಹೂತುಹೋಯಿತು. ಬೇಸಿಗೆಯ ಹೊತ್ತಿಗೆ ಬಂಡೆಯ ಒಸರೂ ಬತ್ತಿತು. ರಾಡಿನೀರು ಕುಡಿದ ಹಸುಗೂಸುಗಳು ಮಡಿದವು. ಭೀತನಾದ ಕೇತರಸನು ಮಹಾಹೋಮವನ್ನು ಮಾಡಿ ಜೌಗಿನ ತಾಯಿಗೆ ಸ್ವರ್ಣಹಾರವನ್ನರ್ಪಿಸಲು ಮುಂದಾಗಲು, ಬಂಡೆ ಬಿರಿಯುವಂತಹ ಧ್ವನಿಯಲ್ಲಿ ದೇವಿಯ ವಾಣಿ ಮೊಳಗಿತು:

"ನನ್ನ ಮೈಯ ಚರ್ಮವನ್ನು ಸುಲಿದು ಕೊರಳಿಗೆ ಹಾರ ಹಾಕುವೆಯಾ, ಪಾಪಿ? ನಿನ್ನ ಚಿನ್ನ ನನಗೆ ಬೇಡ. ಕಿತ್ತ ಕೈಯಿಂದಲೇ ನೆಡು!"

ಅರಸನು ಬರಿಗಾಲಲ್ಲಿ ಬೆಟ್ಟ ಹತ್ತಿ ಮಾಕಬ್ಬೆಯನ್ನು ಬೇಡಿದನು. ಅವಳು ಒಂದಿಷ್ಟು ಬೇರುಗಳನ್ನು ಅವನೆದುರು ಒಗೆದಳು. ಅವನ್ನು ಅವನು ಮೆಟ್ಟಿಲುಗಳ ಮೇಲೆ ಹೊಸ ಮಣ್ಣು ಹರಡಿಸಿ ನೆಟ್ಟು, ಕೊಡಗಟ್ಟಲೆ ನೀರೆರೆಸಿದನು. ಎಲ್ಲವೂ ಕೊಳೆತುಹೋದವು. ಮತ್ತೆ ಬಂದಾಗ ಅವಳ ಕೋಪ ಕಟ್ಟೆಯೊಡೆಯಿತು.

"ಹುಲ್ಲನ್ನು ಒಯ್ದೆ, ಅದರ ಮನೆಯನ್ನು ಉಳಿಸಿದ್ದೀಯಾ? ಅದಕ್ಕೆ ತನ್ನದೇ ಕೆಸರು ಬೇಕು, ತೆಳ್ಳಗೆ ಹರಿಯುವ ನೀರು ಬೇಕು. ಮೊದಲು ಆ ಕಲ್ಲು ಕೀಳು. ಆಳುಗಳಲ್ಲ, ನೀನು!"

ಜಲಕ್ರೀಡೆಗೆಂದು ಕಟ್ಟಿಸಿದ ಸೋಪಾನಗಳನ್ನು ಕೇತರಸನು ಉಗುರೊಡೆದು ನೆತ್ತರು ಸುರಿಯುವಂತೆ ತಾನೇ ಕಿತ್ತು, ಒರತೆಯ ಕೆಸರನ್ನು ತಲೆಯ ಮೇಲೆ ಹೊತ್ತು ತಂದು, ಮಂಡಿಯೂರಿ ಒಂದೊಂದೇ ಬೇರನ್ನು ನೆಟ್ಟನು. ಮುಂದಿನ ಮುಂಗಾರು ಕಳೆದ ಮೇಲೆ ಜೇಕು ಹಬ್ಬಿ ತೆನೆಯೊಡೆಯಿತು. ಬಂಡೆಯ ಸಂದಿನಲ್ಲಿ ಮತ್ತೆ ನೀರು ಜಿನುಗಿತು. ಊರಿನವರು ಆ ನೀರು ಕುಡಿದು ಅತ್ತರು.

ಅರಸನು ಕ್ಷಮೆ ಬೇಡಿದಾಗ ಮಾಕಬ್ಬೆ, "ಸತ್ತ ಕೂಸುಗಳನ್ನು ಕೇಳು" ಎಂದಷ್ಟೇ ನುಡಿದು ಎಮ್ಮೆಗಳನ್ನು ಹೊಡೆದುಕೊಂಡು ಹೊರಟುಹೋದಳು.

ಜೇಕಿಗೆ ಸಂಸ್ಕೃತದಲ್ಲಿ ಮುಸ್ತೆಯೆಂಬ ನಾಮವಿರುವುದರಿಂದ ದೇವಿ ಮುಸ್ತಾಂಬಿಕೆಯೆನಿಸಿದಳು. ಕಿತ್ತೆಸೆದ ಮೆಟ್ಟಿಲುಗಲ್ಲುಗಳು ಜೇಕಿನಮಡುವೆನಿಸಿದ ಆ ಜೌಗಿನಂಚಿನಲ್ಲಿ ಇಂದಿಗೂ ಕಾಣುತ್ತವೆ. ಕೇತರಸನು ಗುಡಿ ಕಟ್ಟಿಸಿ ಪ್ರತಿಷ್ಠೆ ಮಾಡಿದ ಮರುದಿನವೇ ವಿಗ್ರಹವು ಹೆಬ್ಬಾಗಿಲಿಗೆ ಬೆನ್ನು ಮಾಡಿ ಜೌಗಿನತ್ತ ತಿರುಗಿ ನಿಂತಿತಂತೆ. ಊರಿನವರು ಕೆಸರಿಗಿಳಿದು ಹಿಂಗೋಡೆಯ ಕಿಂಡಿಯಿಂದ ತಾಯಿಯ ಮುಖವನ್ನು ಕಾಣುತ್ತಾರೆ. ಅರಸನ ವಂಶದವರು ಮಾತ್ರ ಇಂದಿಗೂ ಹೆಬ್ಬಾಗಿಲಲ್ಲೇ ನಿಂತು, ಅವಳ ಬೆನ್ನಿಗೆ ಕೈಮುಗಿದು ಹಿಂದಿರುಗುತ್ತಾರೆ.