ಗಾಜಿನ ಮೇಲಿನ ಕುಂಕುಮ

"ಬುದ್ಧಿ, ಹಳೆಯದನ್ನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯುವುದು ಹೇಗೆ?"

ಮರುಳಸಿದ್ಧ ಗುರುಗಳನ್ನು ಹೀಗೆ ಕೇಳಿದ. ಅವನು ಮಠದಲ್ಲೇ ಓದಿ ಬೆಳೆದ ಶಿಷ್ಯ. ಆ ವರ್ಷವಷ್ಟೇ ಮಠದ ಆಡಳಿತ ಅವನ ಕೈಗೆ ಬಂದಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಮರುಳಸಿದ್ಧನೂ ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆಯುತ್ತಿದ್ದ.

"ಯಾವ ಹಳೆಯದು?" ಎಂದರು ಗುರುಗಳು.

"ಸುಮ್ಮನೆ ಸಾಮಾನ್ಯವಾಗಿ ಕೇಳಿದೆ, ಬುದ್ಧಿ."

"ಸಾಮಾನ್ಯವಾಗಿ ಯಾರೂ ಏನನ್ನೂ ಕೇಳುವುದಿಲ್ಲ. ಹೆಸರು ಹೇಳು."

ಮರುಳಸಿದ್ಧ ಓಬಯ್ಯನ ಹೆಸರು ಹೇಳಿದ.

ಓಬಯ್ಯ ಮಠದ ಹೆಬ್ಬಾಗಿಲು ಕಾಯುವವನು. ಮಠ ಇದ್ದದ್ದು ಹೆದ್ದಾರಿಯ ಪಕ್ಕದಲ್ಲಿ. ಬೆಳಗಾದರೆ ಬಾಗಿಲ ಮುಂದೆ ಜನ. ಹೊಲದ ಬದುವಿನ ಜಗಳ ತಂದವರು, ಮುರಿದ ಸಂಬಂಧ ಕೂಡಿಸಲು ಬಂದವರು, ಚುನಾವಣೆಗೆ ನಿಲ್ಲುವ ಮುನ್ನ ಹಾರ ಹಿಡಿದು ಫೋಟೋದವನನ್ನೂ ಕರೆತಂದವರು. ಎಲ್ಲರನ್ನೂ ಮೊದಲು ಕಾಣುವುದು ಓಬಯ್ಯನೇ. ಹಸಿದವರನ್ನು ಅವನು ದಾಸೋಹಕ್ಕೆ ಕಳಿಸುತ್ತಿದ್ದ. ನಿಜವಾಗಿ ನೊಂದವರನ್ನು ಒಳಗೆ ಬಿಡುತ್ತಿದ್ದ. ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಿದ್ದ. ಅವನ ಮುಖ ಸದಾ ಹರಳೆಣ್ಣೆ ಕುಡಿದವನ ಮುಖ. ಬಾಯಲ್ಲಿ ಒಂದು ಮೆತ್ತನೆಯ ಮಾತಿಲ್ಲ. ಮಠ ಬಿಟ್ಟರೆ ಅವನಿಗೆ ಹೋಗಲು ಬೇರೆ ಮನೆಯೂ ಇರಲಿಲ್ಲ.

"ಬಂದವರೆಲ್ಲ ಓಬಯ್ಯನವರ ಮಾತಿನ ಮೇಲೆ ದೂರು ಹೇಳುತ್ತಾರೆ. ನಾನೂ ಸುಮ್ಮನೆ ಕೂತಿಲ್ಲ, ಬುದ್ಧಿ. ಆಗಾಗ ಒಳಗೆ ಕರೆಸಿ, ನಾಲ್ಕು ಜನರ ಎದುರಿಗೇ ತಿದ್ದಿದ್ದೇನೆ. ತಿದ್ದಿದಷ್ಟೂ ಮುಖ ಗಂಟಾಗುತ್ತಿದೆ. ಮೊನ್ನೆ ಹಾಗೆ ಅವರನ್ನು ಒಳಗೆ ಕರೆಸಿಕೊಂಡಿದ್ದಾಗಲೇ ಅಲ್ಲವೇ, ಬದುವಿನ ಜಗಳದ ಅಣ್ಣತಮ್ಮಂದಿರು ಬುದ್ಧಿಯವರ ಪೂಜೆಯ ಕೋಣೆಗೇ ನುಗ್ಗಿದ್ದು? ಬಾಗಿಲಿಗೆ ನಗುಮುಖದ ಬೇರೊಬ್ಬನನ್ನು ಗೊತ್ತು ಮಾಡಿದ್ದೇನೆ. ಇವತ್ತು ಸಂಜೆ ಓಬಯ್ಯನವರಿಗೆ ಹೇಳಿಬಿಡುತ್ತೇನೆ. ತಮ್ಮ ಅಪ್ಪಣೆ ಬೇಕು."

"ಅಪ್ಪಣೆಗೇನು, ಕೊಡೋಣ," ಎಂದರು ಗುರುಗಳು. "ಸಂಜೆಗೆ ಇನ್ನೂ ಹೊತ್ತಿದೆ. ಕೂತುಕೋ. ಲಾರಿಯ ಮೂಗಿನ ಕತೆ ನಿನಗೆ ಗೊತ್ತೇ?"

ಲಾರಿಗೆ ಮೂಗು ಇರುವ ಸಂಗತಿಯೇ ಮರುಳಸಿದ್ಧನಿಗೆ ಗೊತ್ತಿರಲಿಲ್ಲ. ಗುರುಗಳಿಗೆ ಗೊತ್ತಿತ್ತು. ಜಲ್ಲಿ ಲಾರಿಯವರು ದಾಸೋಹಕ್ಕೆ ಬಂದರೆ ಗುರುಗಳು ಪಕ್ಕದಲ್ಲಿ ಕೂರಿಸಿಕೊಂಡು ಲಾರಿಯ ಕಷ್ಟಸುಖ ವಿಚಾರಿಸುತ್ತಿದ್ದರು. ಶಾಸ್ತ್ರ ಓದಿದವರು ಬಂದರೆ ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಮರುಳಸಿದ್ಧನಿಗೆ ಇದರ ಬಗ್ಗೆಯೂ ಸ್ವಲ್ಪ ಬೇಸರವಿತ್ತು. ಆದರೂ ಮೂಗಿನ ಮಾತು ಕೇಳಿ ಅವನು ಕೂತ.

ಗುರುಗಳು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಬಹಳ ಕಾಲ ಬೇರೆಯವರ ಲಾರಿ ಓಡಿಸಿದ. ಕೊನೆಗೆ ತನ್ನದೇ ಒಂದು ಲಾರಿ ಕೊಂಡ. ಕಲ್ಲು ಒಡೆಯುವ ಕ್ರಷರಿನಿಂದ ಜಲ್ಲಿ ಹೊರುವುದು ಅವನ ಕೆಲಸ. ಆ ಲಾರಿಯೇ ಅವನ ಅನ್ನ, ಅದೇ ಅವನ ಮಾನ.

ಲಾರಿಯೂ ನಮ್ಮ ಹಾಗೆ ಉಸಿರಾಡುತ್ತದೆ. ಡೀಸೆಲ್ ಉರಿಯಬೇಕಾದರೆ ಗಾಳಿ ಬೇಕು, ಅದೂ ಬೇಕಾದಷ್ಟು ಬೇಕು. ಕ್ರಷರಿನ ದಾರಿಯಲ್ಲಿ ಗಾಳಿ ಎಂದರೆ ಅರ್ಧ ಕಲ್ಲಿನ ಧೂಳು. ಆ ಧೂಳು ಎಂಜಿನ್ನಿನ ಒಳಗೆ ಹೋದರೆ ಸಾಣೆ ಹಿಡಿದ ಹಾಗೆ ಉಜ್ಜಿ ಉಜ್ಜಿ ಅದನ್ನು ತಿಂದುಬಿಡುತ್ತದೆ. ಅದಕ್ಕಾಗಿ ಗಾಳಿ ಹೋಗುವ ದಾರಿಯಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ. ಡಬ್ಬಿಯೊಳಗೆ ಮಡಿಕೆ ಮಡಿಕೆಯಾದ ಕಾಗದ. ಏರ್ ಫಿಲ್ಟರ್ ಎನ್ನುತ್ತಾರೆ, ಲಾರಿಯ ಮೂಗು ಅದೇ. ಅದು ಗಾಳಿಯನ್ನು ಒಳಗೆ ಬಿಟ್ಟು ಧೂಳನ್ನು ತಾನು ಇಟ್ಟುಕೊಳ್ಳುತ್ತದೆ.

ಲಾರಿ ಕೊಟ್ಟವನು ಡಬ್ಬಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಗಾಜನ್ನು ತೋರಿಸಿ ಹೇಳಿದ್ದ: ಎಂಜಿನ್ನಿಗೆ ಉಸಿರು ಸಾಲದೆ ಹೋದಾಗ ಇಲ್ಲಿ ಕೆಂಪು ಬರುತ್ತದೆ, ಆಗ ಫಿಲ್ಟರ್ ಬದಲಿಸು, ಅಲ್ಲಿಯವರೆಗೆ ಡಬ್ಬಿ ಬಿಚ್ಚಬೇಡ. ಚಾಲಕ ಚೆನ್ನಾಗಿ ತಲೆಯಾಡಿಸಿದ. ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

ಅಮಾವಾಸ್ಯೆ ಬಂತು. ಲಾರಿಯವರಿಗೆ ಅಮಾವಾಸ್ಯೆ ಎಂದರೆ ಗೊತ್ತಲ್ಲ. ಲಾರಿ ತೊಳೆದ. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಸ್ಟಿಯರಿಂಗಿಗೆ, ಚಕ್ರಕ್ಕೆ, ಡೀಸೆಲ್ ಟ್ಯಾಂಕಿಗೆ ಅರಿಸಿನ ಕುಂಕುಮ ಇಟ್ಟ. ಆ ಗಾಜು ಅವನಿಗೆ ಲಾರಿಯ ಕಣ್ಣಿನ ಹಾಗೆ ಕಂಡಿತು. ಭಕ್ತಿ ಹುಟ್ಟಿತು. ಅದಕ್ಕೂ ದಪ್ಪಗೆ ಕುಂಕುಮ ಇಟ್ಟ. ಅಂದಿನಿಂದ ಪ್ರತಿ ಅಮಾವಾಸ್ಯೆಯೂ ಹಳೆಯ ಕುಂಕುಮದ ಮೇಲೆ ಹೊಸ ಕುಂಕುಮ.

ಇಷ್ಟಾದರೂ ಕೈ ಸುಮ್ಮನಿರಬೇಕಲ್ಲ. ಡಬ್ಬಿಯೊಳಗೆ ಏನಾಗಿದೆಯೋ ಎಂಬ ಚಪಲ. ಒಂದು ದಿನ ಕ್ಲಿಪ್ ಬಿಚ್ಚಿ ನೋಡಿದ. ಬೆಳ್ಳಗಿದ್ದ ಫಿಲ್ಟರ್ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನ ಲಾರಿ ಇಂಥ ಹೊಲಸಿನಿಂದ ಉಸಿರಾಡುತ್ತಿದೆಯಲ್ಲ ಎಂದುಕೊಂಡು ಅದನ್ನು ಟೈರಿಗೆ ಕುಟ್ಟಿದ. ಧೂಳು ಉದುರಿತು. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿದ. ಇನ್ನಷ್ಟು ಉದುರಿತು. ಅವನಿಗೆ ಎಂಥ ಸಂತೋಷ. ತಾನು ನೋಡದೆ ಹೋಗಿದ್ದರೆ ಗತಿಯೇನು ಎಂದು ಕಂಡವರಿಗೆಲ್ಲ ಹೇಳಿಕೊಂಡ.

ಆಮೇಲೆ ಅದೇ ಚಾಳಿಯಾಯಿತು. ಬಿಚ್ಚುವುದು, ಕುಟ್ಟುವುದು, ಊದಿಸುವುದು. ಒಮ್ಮೊಮ್ಮೆ ಹೊಸದನ್ನೇ ಹಾಕುವುದು, ಮರುವಾರ ಅದನ್ನೂ ಬಿಚ್ಚಿ ನೋಡುವುದು. ಕ್ರಷರಿನ ಉಳಿದ ಚಾಲಕರು ಡಬ್ಬಿ ಮುಟ್ಟುತ್ತಿರಲಿಲ್ಲ. ಅವರನ್ನು ಸೋಮಾರಿಗಳೆಂದು ಹಂಗಿಸಿದ.

ಇಷ್ಟರಲ್ಲಿ ಹೆಬ್ಬಾಗಿಲ ಕಡೆಯಿಂದ ಗದ್ದಲ ಕೇಳಿಸಿತು. ನಡುವೆ ಓಬಯ್ಯನ ಒಡಕು ದನಿ.

"ಅಲ್ಲೇ ನಿಲ್ಲಪ್ಪ. ಹಾರ ಬಾಡಿದ್ರೆ ಬಾಡ್ಲಿ. ಗುರುಗಳೇನು ಓಡೋಗಲ್ಲ."

ಮರುಳಸಿದ್ಧ ಮುಖ ಹಿಂಡಿದ. "ಕೇಳಿದಿರಾ, ಬುದ್ಧಿ?"

"ಕೇಳಿದೆ," ಎಂದರು ಗುರುಗಳು. ಕತೆ ಮುಂದುವರಿಸಿದರು.

ಒಂದು ವರ್ಷ ಕಳೆಯುವುದರೊಳಗೆ ಲಾರಿ ಸೊರಗಿತು. ದಿಬ್ಬ ಹತ್ತುವಾಗ ಶಕ್ತಿ ಇಲ್ಲ. ಹಾಕಿದ ಆಯಿಲ್ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಹಿಂದಿನಿಂದ ನೀಲಿ ಹೊಗೆ. ಚಾಲಕ ಹೆದರಿದ. ಹೆದರಿ ಏನು ಮಾಡಿದ ಹೇಳು? ಡಬ್ಬಿಯನ್ನು ಇನ್ನೂ ಹೆಚ್ಚು ಬಿಚ್ಚಿದ. ಕೊನೆಗೆ ಲಾರಿ ದಾರಿಯಲ್ಲೇ ನಿಂತಿತು. ಎಳೆಸಿಕೊಂಡು ಒಬ್ಬ ಮೆಕ್ಯಾನಿಕ್ಕನ ಹತ್ತಿರ ಹೋದ.

ಮೆಕ್ಯಾನಿಕ್ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡ ಗತ್ತಿನ ಆಸಾಮಿ. ಜಿಲ್ಲೆಯಲ್ಲಿ ತನ್ನನ್ನು ಬಿಟ್ಟರೆ ಯಾರಿಗೂ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ ಎಂದು ನಂಬಿದವನು. ಅವನು ಎಂಜಿನ್ ಮುಟ್ಟಲಿಲ್ಲ. ಫಿಲ್ಟರ್ ತೆಗೆದು, ಅದರ ಆಚೆಗಿನ ಕೊಳವೆಯೊಳಗೆ ಬೆರಳಾಡಿಸಿ ಈಚೆಗೆ ತೆಗೆದ. ಒರೆಸಿದ ಹಾಗೆ ಸ್ವಚ್ಛವಾಗಿರಬೇಕಾದ ಜಾಗ ಅದು. ಬೆರಳಿಗೆ ಬೂದಿಯಂಥ ಧೂಳು ಮೆತ್ತಿತ್ತು.

"ಇದು ಒಳಕ್ಕೆ ಹೆಂಗೆ ಬಂತು?" ಎಂದ.

"ನಂಗೇನು ಗೊತ್ತಣ್ಣ? ನಾನು ವಾರಕ್ಕೊಂದು ಸಲ ಬಿಚ್ಚಿ ಗಾಳಿ ಹೊಡೆಸ್ತಿದ್ದೆ. ನನ್ನಷ್ಟು ಕ್ಲೀನಾಗಿ ಇಟ್ಕೊಂಡೋನು ಈ ರೋಡಲ್ಲೇ ಇಲ್ಲ."

"ಅದಕ್ಕೇ ಬಂತು," ಎಂದ ಮೆಕ್ಯಾನಿಕ್.

ಕುಟ್ಟಿ ಕುಟ್ಟಿ ಫಿಲ್ಟರಿನ ರಬ್ಬರ್ ಅಂಚು ಸೊಟ್ಟಗಾಗಿತ್ತು. ಊದಿಸಿ ಊದಿಸಿ ಕಾಗದದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಬಿದ್ದಿದ್ದವು. ಡಬ್ಬಿ ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳು ಉದುರಿ ಸೀದಾ ಎಂಜಿನ್ನಿನ ದಾರಿಗೆ ಬಿದ್ದಿತ್ತು. ಅವನು ನೋಡಿ ಹೊಲಸು ಎಂದುಕೊಂಡ ಬೂದಿ ಬಣ್ಣವಿತ್ತಲ್ಲ, ಅದೇ ಎಂಜಿನ್ನನ್ನು ಕಾಯುತ್ತಿತ್ತು. ಕಾಗದದ ಮೇಲೆ ಕೂತ ಧೂಳು ಮುಂದೆ ಬರುವ ಧೂಳನ್ನು ತಡೆಯುತ್ತದೆ. ಕಾಫಿ ಸೋಸುವ ಬಟ್ಟೆ ನೋಡಿಲ್ಲವೇ? ಹೊಸದರಲ್ಲಿ ಚರಟ ಇಳಿಯುತ್ತದೆ. ಬಣ್ಣ ಕಂದಾದ ಮೇಲೆಯೇ ಅದು ಸರಿಯಾಗಿ ಸೋಸುವುದು.

ಮೆಕ್ಯಾನಿಕ್ ಆಮೇಲೆ ಆ ಗಾಜನ್ನು ಹುಡುಕಿದ. ಕಾಣಲಿಲ್ಲ. ಕುಂಕುಮದ ಗಡ್ಡೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದ.

"ಕೆಂಪು ಬರೋ ಜಾಗಕ್ಕೆ ನೀನೇ ಕೆಂಪು ಹಚ್ಚಿಬಿಟ್ಟಿದೀಯಲ್ಲ, ಮಾರಾಯ."

ಕುಂಕುಮದ ಕೆಳಗೆ ಗಾಜು ಹಸಿರಾಗಿಯೇ ಇತ್ತು. ಒಮ್ಮೆ ಕೆಂಪು ಬಂದರೆ ತಾನಾಗಿ ಹೋಗದ ಹಾಗೆ ಅದನ್ನು ಮಾಡಿರುತ್ತಾರೆ. ಅಂದರೆ ಒಂದು ದಿನವೂ ಕೆಂಪು ಬಂದಿರಲಿಲ್ಲ. ಒಂದು ದಿನವೂ ಆ ಎಂಜಿನ್ನಿಗೆ ಉಸಿರು ಕಟ್ಟಿರಲಿಲ್ಲ. ಚಾಲಕ ಅಲ್ಲೇ ನೆಲದ ಮೇಲೆ ಕೂತು ಅತ್ತ. ಅಲಕ್ಷ್ಯದಿಂದ ಹಾಳು ಮಾಡಿದ್ದರೆ ಇಷ್ಟು ದುಃಖವಾಗುತ್ತಿರಲಿಲ್ಲ, ಪ್ರೀತಿ ಮಾಡಿ ಕೆಡಿಸಿದೆನಲ್ಲ ಎಂದು ಅತ್ತ. ಎಂಜಿನ್ ಬಿಚ್ಚಿ ಹೊಸದಾಗಿ ಕೂರಿಸುವವರೆಗೆ ಲಾರಿ ಶೆಡ್ಡಿನಲ್ಲೇ ನಿಂತಿತು. ಅವನು ಮತ್ತೆ ಬೇರೆಯವರ ಲಾರಿ ಓಡಿಸಿದ.

ಹೆಬ್ಬಾಗಿಲಲ್ಲಿ ಮತ್ತೆ ಕೂಗಾಟ. ಈ ಸಲ ಬದುವಿನ ಜಗಳದ ಅಣ್ಣತಮ್ಮಂದಿರು. ಇಬ್ಬರೂ ಒಟ್ಟಿಗೆ ಬೈಯುತ್ತಿದ್ದರು. ಅವರ ದನಿಯ ಮೇಲೆ ಓಬಯ್ಯನ ದನಿ ಎದ್ದಿತು.

"ಬೈಯೋದಾದ್ರೆ ಇಲ್ಲೇ ನಂಗೇ ಬೈದುಬಿಡ್ರಿ. ಬಾಯಿ ಖಾಲಿ ಆದ್ಮೇಲೆ ಒಳಗೆ ಹೋಗೀರಂತೆ."

ಕೂಗಾಟ ಸ್ವಲ್ಪ ಹೊತ್ತು ನಡೆದು ತಗ್ಗಿತು. ಮರುಳಸಿದ್ಧ ಈ ಸಲ ಮುಖ ಹಿಂಡಲಿಲ್ಲ. ಅವನ ತಲೆಯಲ್ಲಿ ಬೇರೊಂದು ಪ್ರಶ್ನೆ ಹೊರಳುತ್ತಿತ್ತು.

"ಹಾಗಾದರೆ ಬದಲಿಸಲೇಬಾರದೇ, ಬುದ್ಧಿ?"

"ಬದಲಿಸದೆ ಇದ್ದೀತೇ? ಅದೇ ಕ್ರಷರಿನಲ್ಲಿ ಇನ್ನೊಬ್ಬ ಚಾಲಕನಿದ್ದ. ಕೆಂಪು ಬಂದ ಮೇಲೆ ಗಾಜನ್ನು ಮತ್ತೆ ಹಸಿರು ಮಾಡಲು ಅದರ ಮೇಲೆ ಒಂದು ಗುಂಡಿ ಇರುತ್ತದೆ. ಹೊಸ ಫಿಲ್ಟರ್ ಹಾಕಿ ಒತ್ತಬೇಕು. ಈ ಪುಣ್ಯಾತ್ಮ ಫಿಲ್ಟರ್ ಮುಟ್ಟದೆ ಗುಂಡಿ ಮಾತ್ರ ಒತ್ತುತ್ತಿದ್ದ. ಕೆಂಪು ಬಂದಾಗಲೆಲ್ಲ ಒತ್ತಿದ. ಅವನ ಲಾರಿ ಕರೀ ಹೊಗೆ ಕಾರುತ್ತಾ, ಡೀಸೆಲ್ ಕುಡಿಯುತ್ತಾ, ಏದುಸಿರು ಬಿಟ್ಟುಕೊಂಡು ದಿಬ್ಬ ಹತ್ತುತ್ತಿತ್ತು. ಒಬ್ಬನಿಗೆ ಗಾಜು ಕಾಣಲಿಲ್ಲ, ಇನ್ನೊಬ್ಬನಿಗೆ ಕಂಡದ್ದು ಬೇಡವಾಯಿತು."

"ಮೊದಲನೆಯವನು ಆಮೇಲೆ ಏನು ಮಾಡಿದ?"

"ಲಾರಿ ವಾಪಸ್ಸು ಬಂದ ದಿನ ಗಾಜನ್ನು ಒರೆಸಿದ. ಕುಂಕುಮವನ್ನು ಸ್ಟಿಯರಿಂಗಿಗೆ ಮಾತ್ರ ಇಟ್ಟ. ತನ್ನ ಕೈಯನ್ನು ಅವನೇ ನಂಬಲಿಲ್ಲ. ಡಬ್ಬಿಯ ಕ್ಲಿಪ್ಪಿಗೆ ಅರಿಸಿನದ ದಾರ ಕಟ್ಟಿದ. ಬಿಚ್ಚುವ ಚಪಲ ಬಂದಾಗ ದಾರ ಕಣ್ಣಿಗೆ ಬೀಳುತ್ತಿತ್ತು, ಗಾಜು ನೋಡಿ ಸುಮ್ಮನಾಗುತ್ತಿದ್ದ. ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಕೆಂಪು ಬಂತು. ಅಂದು ದಾರ ಹರಿದು ಹೊಸ ಫಿಲ್ಟರ್ ಹಾಕಿದ. ಹಳೆಯದನ್ನು ಎಸೆಯುವ ಮುನ್ನ ಅದಕ್ಕೊಂದು ನಮಸ್ಕಾರ ಹಾಕಿದನಂತೆ. ಅವನೇ ದಾಸೋಹದಲ್ಲಿ ಹೇಳಿ ನಕ್ಕ."

ಮರುಳಸಿದ್ಧನೂ ನಕ್ಕ. ಅಷ್ಟರಲ್ಲಿ ಅವನಿಗೆ ತಾನು ಬಂದ ಕೆಲಸ ನೆನಪಾಯಿತು. ನಗು ನಿಂತಿತು. ಕೇಳಬೇಕೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೇಳಿಯೇಬಿಟ್ಟ.

"ಬುದ್ಧಿ, ಲಾರಿಗೆ ಗಾಜು ಇರುತ್ತದೆ, ನೋಡಬಹುದು. ಓಬಯ್ಯನವರ ವಿಷಯದಲ್ಲಿ ನಾನು ನೋಡಬೇಕಾದ ಗಾಜು ಎಲ್ಲಿದೆ?"

ಗುರುಗಳು ಹೆಬ್ಬಾಗಿಲ ಕಡೆಗೆ ಒಮ್ಮೆ ನೋಡಿದರು.

"ನಿಜವಾಗಿ ನೊಂದವರು ಒಳಗೆ ಬರಲಾಗದೆ ಬಾಗಿಲಿಂದಲೇ ಮರಳಿದ ದಿನ ಕೆಂಪು ಬಂತೆಂದು ತಿಳಿ. ಇಷ್ಟು ಹೊತ್ತು ಕೂತು ಕತೆ ಕೇಳಿದೆಯಲ್ಲ, ನಡುವೆ ಯಾರಾದರೂ ಜಗಳ ಹೊತ್ತು ಒಳಗೆ ನುಗ್ಗಿದರೇ?"